ದೋಣಿಯ ಮೂತಿಯಿಂದ ಒಂದು ಹೂದಾನಿ

ಬೀಳ್ಕೊಡುಗೆ ಯಾರಿಗೆ ಎಂಬುದು ಆ ಫ್ಲೆಕ್ಸ್ ನೋಡಿದರೆ ತಿಳಿಯುವ ಹಾಗೇ ಇರಲಿಲ್ಲ. ಮೇಲುಗಡೆ ಕೈಮುಗಿದ ಮುಖ್ಯ ಅತಿಥಿ, ಪಕ್ಕದಲ್ಲಿ ಕೈಬೀಸುವ ಇನ್ನೊಬ್ಬ ದೊಡ್ಡ ಮನುಷ್ಯ, ನಡುವೆ ಸ್ವಾಗತ ಸಮಿತಿಯ ಅಧ್ಯಕ್ಷ ಶ್ರೀಜಿತ್, ಫೋನು ಕಿವಿಗಿಟ್ಟುಕೊಂಡು ಎಲ್ಲೋ ದೂರದ ಅಭಿವೃದ್ಧಿಯನ್ನು ನೋಡುತ್ತಿರುವ ಭಂಗಿಯಲ್ಲಿ. ತೀರ ಕೆಳಗೆ, ಅಚ್ಚು ಮಾಡಿದ ಅಂಗಡಿಯ ಫೋನ್ ನಂಬರಿನ ಪಕ್ಕದಲ್ಲಿ, ಅಂಚೆಚೀಟಿಯಷ್ಟಗಲ ನಾಗರತ್ನಮ್ಮ. ಸಾಲದ್ದಕ್ಕೆ ಹಗ್ಗ ಕಟ್ಟುವ ತೂತು ಅವರ ಹಣೆಯ ಮೇಲೇ ಬಿದ್ದಿತ್ತು.

"ನೋಡ್ದಾ ಕರಿಯಣ್ಣ? ಆಯಮ್ಮನ ಹಣೆಗೇ ತೂತು ಹೊಡ್ದವ್ರೆ ಕನಾ," ಎಂದ ನಿಂಗಯ್ಯ.

ಕರಿಯನ್ ಕತ್ತು ಓರೆ ಮಾಡಿ ನೋಡಿದ. "ಕುಂಕುಮ ಅನ್ಕೊ ಬುಡು. ಕಣ್ಗ್ ಹೊಡೀಲಿಲ್ವಲ್ಲ."

ಇಬ್ಬರೂ ನಕ್ಕರು. ಆದರೆ ನಿಂಗಯ್ಯ ಮತ್ತೊಮ್ಮೆ ತಿರುಗಿ ಆ ತೂತನ್ನೇ ನೋಡಿದ.

ನಿಂಗಯ್ಯ ದೋಣಿಯವನು. ಮರಕ್ಕಡವಿನಿಂದ ಒಂದಷ್ಟು ಮೇಲಕ್ಕೆ, ಹಳೇಕಡವು ಎಂದು ಜನ ಕರೆಯುವ ದಾಟುಜಾಗದಲ್ಲಿ ಅವನ ಬದುಕೆಲ್ಲ ಕಳೆದಿದೆ. ಕಬಿನಿಯ ಈ ದಡ ಕೇರಳ, ಆ ದಡ ಕರ್ನಾಟಕ. ಅವನಪ್ಪ ಸರಗೂರಿನ ಕಡೆಯಿಂದ ದೋಣಿ ನಡೆಸಲು ಬಂದವನು ಇಲ್ಲೇ ಬೇರು ಬಿಟ್ಟ. ಕರಿಯನ್ ಕಾಡಂಚಿನ ಹಾಡಿಯವನು, ಹುಟ್ಟು ಹಾಕುವುದರಲ್ಲಿ ನಿಂಗಯ್ಯನ ಜೋಡಿ. ಈ ದಡದಲ್ಲಿ ಹತ್ತಿದವರ ಜೊತೆ ಮಲಯಾಳ, ಆ ದಡದಲ್ಲಿ ಹತ್ತಿದವರ ಜೊತೆ ಕನ್ನಡ, ನಡುಹೊಳೆಯಲ್ಲಿ ಎದ್ದು ನಿಂತವರ ಜೊತೆ ಬೈಗುಳ, ಹೀಗೆ ನಿಂಗಯ್ಯನಿಗೆ ಮೂರು ಭಾಷೆ ಸಲೀಸು. ಸೇತುವೆಯೇನೋ ಚುನಾವಣೆಗೊಮ್ಮೆ ಭಾಷಣದಲ್ಲಿ ಏಳುತ್ತಿತ್ತು, ಎಣಿಕೆ ಮುಗಿದ ಮಾರನೇ ದಿನ ಕೊಚ್ಚಿಹೋಗುತ್ತಿತ್ತು. ಬಸುರಿಯರು, ಸ್ಕೂಲಿನ ಮಕ್ಕಳು, ಮದುಮಕ್ಕಳು, ಮೇಕೆಗಳು, ಎಲ್ಲರನ್ನೂ ದಾಟಿಸಿದ್ದು ನಿಂಗಯ್ಯನ ಅಪ್ಪನ ಕಾಲದ ದೋಣಿ. ಹೆಬ್ಬಲಸಿನ ಒಂದೇ ದಿಮ್ಮಿಯಲ್ಲಿ ಕೊರೆದದ್ದು. ಫೈಬರ್ ದೋಣಿ ಬಂದ ಮೇಲೆ ಅದು ಬಿದಿರುಮೆಳೆಯ ಕೆಳಗೆ ಬೋರಲು ಬಿದ್ದಿತ್ತು. ಕೋಳಿಗಳು ಅದರಡಿ ಮೊಟ್ಟೆಯಿಡುತ್ತಿದ್ದವು. ಸೌದೆಗೆ ಕೊಡು ಎಂದು ಕೇಳಿದವರನ್ನು ನಿಂಗಯ್ಯ ತನ್ನ ಮೂರನೇ ಭಾಷೆಯಲ್ಲಿ ಮಾತಾಡಿಸಿ ಕಳಿಸಿದ್ದ.

ನಾಗರತ್ನಮ್ಮ ಆ ಕಡವಿನ ಅಂಗನವಾಡಿಯ ಆಯಾ. ಅಂಗನವಾಡಿಯಲ್ಲಿ ಹಾಡು ಹೇಳಿಕೊಡುವವರು ಟೀಚರ್. ಗಂಜಿ ಬೇಯಿಸಿ, ಮೂಗು ಒರೆಸಿ, ಒದ್ದೆಯಾದ ಚಡ್ಡಿ ಹಿಂಡಿ ಬೇಲಿಗೆ ಹರವಿ, ಅಳುವ ಕೂಸನ್ನು ಸೊಂಟಕ್ಕೆ ಏರಿಸಿಕೊಂಡೇ ಒಗ್ಗರಣೆ ಹಾಕುವವರು ಆಯಾ. ಈ ದೇಶದಲ್ಲಿ ಹಾಡಿಗೆ ಒಂದು ಗೌರವವಿದೆ, ಚಡ್ಡಿಗೆ ಇಲ್ಲ. ಮಕ್ಕಳು ಬೆಳೆಯುವುದು ಮಾತ್ರ ಎರಡರಿಂದಲೂ.

ನಿಂಗಯ್ಯನ ಮಗಳು ವೀಣಾ ಅಂಗನವಾಡಿಗೆ ಸೇರಿದಾಗ ಮನೆಯ ಕನ್ನಡ ಬಿಟ್ಟು ಬೇರೊಂದು ಮಾತು ಅರಿಯದವಳು. ಕೋಣೆ ತುಂಬ ಮಲಯಾಳ. ಆ ಮಳೆಗಾಲವಿಡೀ ಮಗು ತುಟಿ ಬಿಚ್ಚಲಿಲ್ಲ. ನಾಗರತ್ನಮ್ಮನ ಸೆರಗಿನ ತುದಿ ಹಿಡಿದು ಒಲೆಯಿಂದ ಬಾವಿಗೆ, ಬಾವಿಯಿಂದ ಒಲೆಗೆ ಬಾಲದಂತೆ ಓಡಾಡುತ್ತಿತ್ತು. ನಿಂಗಯ್ಯ ಇದನ್ನು ನೋಡಲಾರದೆ, ಮಗುವನ್ನು ಬಿಡಿಸಿಕೊಂಡೇ ಹೋಗುತ್ತೇನೆ ಎಂದು ಬಂದಿದ್ದ. ನಾಗರತ್ನಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದರು.

"ನಿಂಗಣ್ಣ, ಮಳೆ ನಿಲ್ಲೋಗಂಟ ತಡ್ಕೊ. ಆಮೇಲೂ ಮಗ ಬಾಯ್ ಬುಡ್ದೆ ಇದ್ರೆ ನಾನೇ ಎತ್ಕಂಡ್ ಬಂದು ನಿನ್ ಮನೇಲಿ ಬುಡ್ತೀನಿ."

ಒಲೆಯ ಮುಂದೆ ಕೂರಿಸಿಕೊಂಡು ಸಮಾಧಾನ ಕನ್ನಡದಲ್ಲಿ, ಕಥೆ ಮಲಯಾಳದಲ್ಲಿ. ಓಣಂ ಬರುವ ಹೊತ್ತಿಗೆ ವೀಣಾ ಎರಡು ಭಾಷೆಯಲ್ಲೂ ಜಗಳವಾಡುತ್ತಿದ್ದಳು. ಈಗ ಮನೆಯ ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿಗೆಲ್ಲ ರವಿಕೆ ಹೊಲಿಯುತ್ತಾಳೆ, ಅವಳ ಬಾಯಿ ಮುಚ್ಚಿಸುವುದು ಹೇಗೆ ಎಂಬುದೇ ಈಗಿನ ಚಿಂತೆ.

ಇಂಥದ್ದಕ್ಕೆ ಬಾಯಿಮಾತಿನಲ್ಲಿ ಉಪಕಾರ ಹೇಳುವುದು ನಿಂಗಯ್ಯನಿಗೆ ಗೊತ್ತಿಲ್ಲ. ಕೈಯಿಂದ ಏನಾದರೂ ಮಾಡಿ ಕೊಡಬೇಕು. ಇಷ್ಟು ವರ್ಷ ಅದಕ್ಕೆ ಹೊತ್ತು ಬಂದಿರಲಿಲ್ಲ. ಈಗ ಶನಿವಾರ ನಾಗರತ್ನಮ್ಮ ಕೆಲಸ ಬಿಟ್ಟು ಹೋಗುತ್ತಾರೆ. ಅಂದು ಕೊಡದಿದ್ದರೆ ಇನ್ನೆಂದೂ ಕೊಟ್ಟ ಹಾಗಲ್ಲ.

ಏನು ಕೊಡಬೇಕೆಂದು ಯೋಚಿಸುವ ಕಷ್ಟವಿರಲಿಲ್ಲ. ಮಕ್ಕಳು ದಾರಿಯಲ್ಲಿ ಕಿತ್ತು ತರುವ ಹೂವನ್ನು ನಾಗರತ್ನಮ್ಮ ಒಂದು ಗಾಜಿನ ಸೀಸೆಯಲ್ಲಿಟ್ಟು ಅಂಗನವಾಡಿಯ ಕಿಟಕಿಯಲ್ಲಿ ನಿಲ್ಲಿಸುತ್ತಿದ್ದರು. ತಪಾಸಣೆಗೆ ಬಂದವರೊಬ್ಬರು ಗಾಜು ಒಡೆದರೆ ಮಕ್ಕಳ ಕಾಲಿಗೆ ಚುಚ್ಚೀತು ಎಂದರು. ಸರಿಯಾದ ಮಾತೇ. ಸೀಸೆ ಹೋಗಿ ಪ್ಲಾಸ್ಟಿಕ್ ಲೋಟ ಬಂತು. ಹೊಳೆಗಾಳಿಗೆ ಅದು ದಿನಾ ಉರುಳುತ್ತಿತ್ತು, ಯಾರ ಹೂ ಬಿತ್ತೋ ಆ ಮಗು ದಿನಾ ಅಳುತ್ತಿತ್ತು. ಒಡೆಯದ, ಉರುಳದ ಒಂದು ಹೂದಾನಿ ಬೇಕು. ಅಂದರೆ ಮರದ್ದು.

ನಿಂಗಯ್ಯ ಬಿದಿರುಮೆಳೆಗೆ ಹೋಗಿ ಕೋಳಿಗಳನ್ನು ಓಡಿಸಿದ. ಒಂಟಿಮರದ ದೋಣಿಯಲ್ಲಿ ಹಲಗೆ ಎಲ್ಲ ಕಡೆ ತೆಳು, ಹಿಂದೆ ಮುಂದೆ ಎರಡು ಮೂತಿಯಲ್ಲಿ ಮಾತ್ರ ಕೊರೆಯದೆ ಬಿಟ್ಟ ಗಟ್ಟಿ ಮರ ಇರುತ್ತದೆ. ಗರಗಸದ ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಕರಿಯನ ಕೈಗೆ ಕೊಟ್ಟ.

"ಕುಯ್ಯಾದಾ?" ಕರಿಯನ್ ಅನುಮಾನದಿಂದ ಕೇಳಿದ. "ನಿಮ್ಮಪ್ಪನ್ ದೋಣಿ ಕನಾ."

"ಅಪ್ಪ ಇದ್ದಿದ್ರೆ ಅವ್ನೇ ಕುಯ್ತಿದ್ದ. ಎಳಿ."

ಮರ ಕಡೆಯುವ ಯಂತ್ರ ಗಿಂತ್ರ ಏನೂ ಇಲ್ಲ. ದೋಣಿ ಕೊರೆಯುವ ಹಳೇ ಕ್ರಮವನ್ನೇ ನಿಂಗಯ್ಯ ಹಿಡಿದ. ತುಂಡಿನ ನೆತ್ತಿಯ ಮೇಲೆ ಕೆಂಡ ಇಟ್ಟು ಊದುವುದು, ಮರ ಕರಿಯಾದಷ್ಟನ್ನು ಉಳಿಯಲ್ಲಿ ಕೆರೆಯುವುದು, ಮತ್ತೆ ಕೆಂಡ. ಹೊರಮೈಯನ್ನು ಬಾಚಿಯಲ್ಲಿ ಕೆತ್ತಿ, ನಾಲಗೆಯಂತೆ ಒರಟಾದ ಗರಗತ್ತಿ ಎಲೆಯಲ್ಲಿ ಉಜ್ಜಿದ. ಜೇನುಬಣ್ಣದ ಮರ ಮೆಲ್ಲಗೆ ಕಣ್ಣು ಬಿಟ್ಟಿತು. ಆದರೆ ಜೀವಮಾನವೆಲ್ಲ ದೋಣಿ ನೋಡಿದ ಕಣ್ಣು ಹೂದಾನಿಯನ್ನು ಕೆತ್ತಿದರೆ ಏನಾಗಬೇಕೋ ಅದೇ ಆಯಿತು. ಬುಡ ದಪ್ಪ, ಹೊಟ್ಟೆ ಉಬ್ಬು, ಬಾಯಿ ಒಂದು ಕಡೆಗೆ ವಾಲಿಕೊಂಡು ಮುಂದಕ್ಕೆ ಚಾಚಿದೆ.

ವೀಣಾ ಯಂತ್ರ ತುಳಿಯುವುದು ನಿಲ್ಲಿಸಿ ನೋಡಿದಳು. "ಅಪ್ಪಾ, ಇದು ಹೂದಾನಿನೋ, ಒರಳೋ, ಇಲ್ಲಾ ಆ ದೋಣಿ ಮರಿ ಹಾಕ್ತೋ?"

"ಹೂವಿನ್ ಚೊಂಬು ಕನವ್ವ. ನೀ ನಿನ್ ರವಿಕೆ ಹೊಲಿ."

"ಹೋಗ್ಲಿ, ಅದ್ರೊಳಕ್ ಏನ್ ಹಾಕ್ ಕೊಡ್ತೀಯಾ? ಬರೀ ಪಾತ್ರೆ ಕೊಡ್ಬಾರ್ದು ಅಂತ ನಮ್ಮವ್ವ ಅವಾಗ್ಲಿಂದ ಹೇಳ್ತಾವ್ಳೆ. ಒಂದ್ ಹಿಡಿ ಅಕ್ಕಿನೋ ಸಕ್ರೆನೋ ಹಾಕು. ಇಲ್ದಿದ್ರೆ ಪುಲ್ಪಳ್ಳೀಲಿ ಪ್ಲಾಸ್ಟಿಕ್ ಹೂ ಸಿಗ್ತವೆ, ಒಳ್ಳೆ ನಿಜದ್ ಹಂಗೇ ಇರ್ತವೆ."

ನಿಂಗಯ್ಯ ಉಳಿ ಕೆಳಗಿಟ್ಟ. "ಪ್ಲಾಸ್ಟಿಕ್ಕಾ? ಆ ಫ್ಲೆಕ್ಸೂ ಪ್ಲಾಸ್ಟಿಕ್ಕು, ಅದ್ರೊಳಗಿನ್ ನಗೂನೂ ಪ್ಲಾಸ್ಟಿಕ್ಕು. ಇನ್ ಹೂವೂ ಅದೇಯಾ? ನೀರ್ ಹುಯ್ದು, ಜೀವ ಇರೋ ಹೂ ಇಟ್ಟು, ತುಂಬಿದ್ ಚೊಂಬು ಕೊಡ್ತೀನಿ. ಇಲ್ದಿದ್ರೆ ಕೊಡಾದೇ ಇಲ್ಲ."

ಹಾಗೆ ಅವನೇ ತನ್ನ ಕುತ್ತಿಗೆಗೆ ಹಗ್ಗ ಹಾಕಿಕೊಂಡ. ಇನ್ನು ಆ ಮರ ನೀರು ಹಿಡಿಯಲೇಬೇಕು.

ಮರಕ್ಕೆ ನೀರು ತಾಗದಂತೆ ಮಾಡುವುದನ್ನು ನಿಂಗಯ್ಯನಿಗೆ ಯಾರು ಕಲಿಸಬೇಕು? ಮೀನೆಣ್ಣೆಯಲ್ಲಿ ಧೂಪದ ಮರದ ಅಂಟನ್ನು ಕಾಯಿಸಿ, ಬಿಸಿ ಇರುವಾಗಲೇ ಹೂದಾನಿಯ ಬುಡಕ್ಕೆ, ಹೊಟ್ಟೆಗೆ, ಸಣ್ಣ ಬಿರುಕುಗಳಿಗೆ ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಮೆತ್ತಿದ. ವಾಸನೆಗೆ ಓಣಿಯ ಬೆಕ್ಕುಗಳೆಲ್ಲ ಜಗಲಿಯ ಕೆಳಗೆ ಸಭೆ ಸೇರಿದವು. ಮನೆಯಾಕೆ ಹೂದಾನಿಯನ್ನೂ ಗಂಡನನ್ನೂ ಒಟ್ಟಿಗೆ ಅಂಗಳಕ್ಕೆ ಕಳಿಸಿದಳು.

ಅಂಟು ಒಣಗಿದ ಮೇಲೆ ಪರೀಕ್ಷೆ. ನಿಂಗಯ್ಯ ಹೂದಾನಿಯನ್ನು ಕಂಕುಳಲ್ಲಿ ಇರುಕಿಕೊಂಡು ಕಡವಿಗೆ ನಡೆದ. ಮೊಣಕಾಲುದ್ದ ನೀರಿಗೆ ಇಳಿದು ಅದನ್ನು ಮೆಲ್ಲಗೆ ಹೊಳೆಯ ಮೇಲಿಟ್ಟ. ಅದು ಒಮ್ಮೆ ತೂಗಿ, ನೆಟ್ಟಗೆ ನಿಂತು, ಮೂತಿ ಎತ್ತಿಕೊಂಡು ತೇಲಿತು. ನೆಲದ ಮೇಲೆ ವಾಲುತ್ತಿದ್ದದ್ದು ನೀರಿನ ಮೇಲೆ ರಾಜಗಂಭೀರ. ಬಹಳ ಹೊತ್ತು ತೇಲಿಸಿ ಎತ್ತಿ ನೋಡಿದ. ಒಳಗೆ ಒಂದು ಹನಿ ಇಲ್ಲ. ದೋಣಿಗೆ ಕಾದಿದ್ದವರು ಚಪ್ಪಾಳೆ ತಟ್ಟಿದರು. ನಿಂಗಯ್ಯ ಮೀಸೆ ತಿರುವಿದ.

ಮನೆಗೆ ಬಂದು, ವೀಣಾಳ ಹೊಲಿಗೆ ಮೇಜಿನ ಮೇಲೆ ಹೂದಾನಿ ನಿಲ್ಲಿಸಿ, ಚೊಂಬು ನೀರು ಹೊಯ್ದು, ಕೈ ಕಾಲು ತೊಳೆಯಲು ಹಿತ್ತಲಿಗೆ ಹೋದ. ಮುಖಕ್ಕೆ ನೀರು ಹಾಕಿಕೊಳ್ಳುವಷ್ಟರಲ್ಲಿ ವೀಣಾಳ ಕೂಗು ಕೇಳಿಸಿತು.

"ಅಪ್ಪಾ! ಮದ್ವೆ ರವಿಕೆ! ನಿನ್ ಚೊಂಬು ಉಚ್ಚೆ ಹುಯ್ಕಂತದೆ ಬಾ!"

ಬುಡದಿಂದ ನೀರು ಜಿನುಗಿ ಮೇಜಿನ ಮೇಲೆಲ್ಲ ಹರಿದಿತ್ತು. ಮೆತ್ತಿದ ಅಂಟು ಹಪ್ಪಳದಂತೆ ಕಳಚಿ ಬಿದ್ದಿತ್ತು. ಯಾರದೋ ಮಗಳ ಮದುವೆಯ ರೇಷ್ಮೆ ರವಿಕೆಗೆ ಮೀನಿನ ಪರಿಮಳ. ನಿಂಗಯ್ಯ ರವಿಕೆಯನ್ನು ಆಚೆ ಎಳೆದ. ಹೊಳೆಯನ್ನೇ ತಡೆದದ್ದು ಒಂದು ಚೊಂಬು ನೀರನ್ನು ತಡೆಯಲಿಲ್ಲವೇ?

ಕರಿಯನ್ ಬಂದ, ಹೂದಾನಿಯನ್ನು ಎತ್ತಿದ, ತಿರುಗಿಸಿದ, ಒಳಗೆ ಬೆರಳು ಹಾಕಿ ನೋಡಿದ. ಆಮೇಲೆ ಜಗಲಿಯ ಕಂಬ ಹಿಡಿದುಕೊಂಡು ನಗಲು ಶುರುಮಾಡಿದವನು ಕೆಮ್ಮು ಬಂದರೂ ನಿಲ್ಲಿಸಲಿಲ್ಲ.

"ನಿಂಗಯ್ಯ, ಒಂದ್ ಮಾತ್ ಹೇಳು. ಈ ಚೊಂಬಿಗೆ ಹೊಳೆ ಎಲ್ಲದೆ? ಒಳಗೋ, ಹೊರಗೋ?"

ನಿಂಗಯ್ಯ ಹಣೆ ಚಚ್ಚಿಕೊಂಡ. ತನ್ನನ್ನು ತಾನೇ ತನ್ನ ಮೂರನೇ ಭಾಷೆಯಲ್ಲಿ ಬೈದುಕೊಂಡ.

ದೋಣಿಗೆ ಅಂಟು ಮೆತ್ತುವುದು ಹೊರಗಿನಿಂದ. ಹೊಳೆ ಒತ್ತಿದಷ್ಟೂ ಅದು ಬಿರುಕಿನೊಳಗೆ ಭದ್ರವಾಗಿ ಕೂರುತ್ತದೆ. ಇಲ್ಲಿ ನೀರು ಒಳಗಿದೆ. ಒಳಗಿಂದ ಒತ್ತಿದರೆ ಹೊರಗಿನ ಅಂಟು ಕಳಚದೆ ಏನು ಮಾಡೀತು? ಹುಟ್ಟಿದಾಗಿನಿಂದ ನೀರನ್ನು ಆಚೆಗೆ ತಡೆದವನಿಗೆ ನೀರನ್ನು ಒಳಗಿಟ್ಟುಕೊಳ್ಳಬೇಕಾದ ಪ್ರಸಂಗವೇ ಬಂದಿರಲಿಲ್ಲ.

"ಒಳಗ್ ಮೆತ್ತಾನ ಅಂದ್ರೆ ಮೀನೆಣ್ಣೆಗೆ ಹೂ ಸತ್ತೋಯ್ತವೆ," ಎಂದ ನಿಂಗಯ್ಯ, ಸೋತ ದನಿಯಲ್ಲಿ. "ನಾಳೆ ಕಳುದ್ರೆ ಶನಿವಾರ. ಬುಡು ಕರಿಯಣ್ಣ. ಅಕ್ಕಿ ತುಂಬಿ ಕೊಡ್ತೀನಿ."

"ಅಕ್ಕಿ ಅವ್ರ್ ಮನೇಲಿಲ್ವಾ? ತಡಿ. ನನ್ ಅಟ್ಟದ್ ಮ್ಯಾಲೆ ಜೇನ್ ಮೇಣ ಅದೆ. ನನ್ ಮೊಮ್ಮಗಳೂ ಆಯಮ್ಮನ್ ಸೆರಗ್ ಹಿಡ್ದೇ ಬೆಳ್ದದ್ದು. ನಿಂದೊಬ್ನದೇ ಅಂದ್ಕಬ್ಯಾಡ."

ಕಾಡಿನ ಜೇನು ಪೇಟೆಯಲ್ಲಿ ಚಂದದ ಬಾಟಲಿಗೆ ಇಳಿದು, ಮರವನ್ನೇ ಹತ್ತದವರ ಹೆಸರು ಹಚ್ಚಿಕೊಂಡು ಕೂರುತ್ತದೆ. ಮೇಣ ಯಾರಿಗೂ ಬೇಡ. ಆದ್ದರಿಂದ ಅದು ಕರಿಯನಿಗೆ ಉಳಿದಿತ್ತು. ಒಂದು ಹಳೇ ಡಬ್ಬಿಯಲ್ಲಿ ಕರಗಿಸಿ, ಒಂದಿಷ್ಟು ಧೂಪದ ಅಂಟು ಪುಡಿ ಮಾಡಿ ಬೆರೆಸಿ, ಒಣಗಿದ ಹೂದಾನಿಯನ್ನು ಒಲೆಯ ಪಕ್ಕ ಬೆಚ್ಚಗೆ ಮಾಡಿಕೊಂಡು, ಬಿಸಿಮೇಣವನ್ನು ಒಳಗೆ ಹೊಯ್ದರು. ಇಬ್ಬರೂ ಎದುರೆದುರು ಕುಕ್ಕರುಗಾಲಲ್ಲಿ ಕೂತು ಹಸುಗೂಸಿಗೆ ಎಣ್ಣೆ ಸವರುವಂತೆ ಅದನ್ನು ತಿರುಗಿಸಿದರು. ಮೇಣ ಒಳಮೈಯೆಲ್ಲ ಓಡಾಡಿ, ಬಿರುಕುಗಳನ್ನು ಹುಡುಕಿಕೊಂಡು ಕೂತಿತು. ಹೊರಗಿನ ಮೀನುವಾಸನೆಗೆ ನಿಂಬೆಸಿಪ್ಪೆ, ಬೂದಿ, ಅಕ್ಕಿ ತೊಳೆದ ನೀರು, ವೀಣಾ ಹೇಳಿದ್ದೆಲ್ಲ ಆಯಿತು. ಬೆಕ್ಕುಗಳ ಸಂಖ್ಯೆ ಕಡಿಮೆಯಾಯಿತು, ಸೊನ್ನೆಯಾಗಲಿಲ್ಲ.

ಶುಕ್ರವಾರ ಸಂಜೆ ನೀರು ತುಂಬಿ, ನೆಲದ ಮೇಲೆ ಬೂದಿ ಹರವಿ ಅದರ ಮೇಲೆ ಹೂದಾನಿ ನಿಲ್ಲಿಸಿದರು. ಬೆಳಿಗ್ಗೆ ಎತ್ತಿ ನೋಡಿದರೆ ಬೂದಿ ಬೂದಿಯಾಗಿಯೇ ಇತ್ತು. ನಿಂಗಯ್ಯ ಬೂದಿಯನ್ನು ಚಿಟಿಕೆಯಲ್ಲಿ ಎತ್ತಿ ಹಣೆಗೆ ಹಚ್ಚಿಕೊಂಡ.

ವಿಷು ಕಳೆದರೂ ದಾರಿಬದಿಯ ಕಕ್ಕೆಮರದಲ್ಲಿ ಹಳದಿ ಗೊಂಚಲು ಉಳಿದಿದ್ದವು. ಅವನ್ನು ಹೂದಾನಿಯಲ್ಲಿಟ್ಟು, ವಾಲದಂತೆ ಒಂದು ಸ್ಟೀಲ್ ಬಕೆಟ್ಟಿನಲ್ಲಿ ನಿಲ್ಲಿಸಿಕೊಂಡು ನಿಂಗಯ್ಯ, ಕರಿಯನ್, ವೀಣಾ ಅಂಗನವಾಡಿಗೆ ಬಂದರು. ಚಪ್ಪರದ ಬಾಗಿಲಲ್ಲೇ ಶ್ರೀಜಿತ್ ಎದುರಾದ.

"ನಿಂಗಯ್ಯೇಟ್ಟಾ, ಅಡಿಪೊಳಿ! ಭಾರಿ ಚೆನ್ನಾಗಿದೆ!" ಎನ್ನುತ್ತಾ ಅವನು ಬಕೆಟ್ಟಿನಿಂದ ಹೂದಾನಿಯನ್ನು ಎತ್ತಿಯೇಬಿಟ್ಟ. "ಸ್ಟೇಜಿನ ಮೇಜು ಬೋಳು ಬೋಳಾಗಿತ್ತು, ನೋಡಿ. ಕಾರ್ಯಕ್ರಮ ಮುಗಿದ ಮೇಲೆ ಕೊಡ್ತೀನಿ."

ನಿಂಗಯ್ಯನಿಗೆ ಬೇಡ ಎನ್ನಲು ಹೊತ್ತು ಸಿಗಲಿಲ್ಲ. ಹೂದಾನಿ ಮುಖ್ಯ ಅತಿಥಿಯ ಮುಂದೆ ಹೋಗಿ ಕೂತಿತು. ಭಾಷಣಗಳು ಆರಂಭವಾದವು. ಸ್ತ್ರೀಶಕ್ತಿಯ ಬಗ್ಗೆ ಒಬ್ಬರು, ಮಾತೃಹೃದಯದ ಬಗ್ಗೆ ಇನ್ನೊಬ್ಬರು. ಒಬ್ಬರಿಗೊಬ್ಬರು ಪೊನ್ನಾಡ ಹೊದಿಸಿಕೊಂಡರು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಜರಿಶಾಲು ಹೊದ್ದು ಬೆವರುವುದೂ ಒಂದು ಸಮಾಜಸೇವೆ. ವೇದಿಕೆಯ ಮೇಲೆ ಒಂದು ಕುರ್ಚಿ ಖಾಲಿ ಇತ್ತು.

"ಆಯಮ್ಮ ಎಲ್ಲಿ?" ವೀಣಾ ಕೇಳಿದಳು.

ಹಿಂದುಗಡೆಯ ಅಡುಗೆಕೋಣೆಯಿಂದ ಪಾತ್ರೆಯ ಸದ್ದು ಬಂತು. ನಾಗರತ್ನಮ್ಮ ತಮ್ಮ ಬೀಳ್ಕೊಡುಗೆಗೆ ಬಂದವರಿಗೆ ತಾವೇ ಚಹಾ ಸೋಸುತ್ತಿದ್ದರು. ಬೇರೆ ಯಾರಿಗೂ ಆ ಒಲೆಯ ಅಭ್ಯಾಸ ಇರಲಿಲ್ಲವಂತೆ. ನಾಚಿಕೆಯಾಗಬೇಕಾದವರಿಗೆ ಚಹಾ ಚೆನ್ನಾಗಿದೆ ಎನಿಸಿತು.

ಅಷ್ಟರಲ್ಲಿ ಮುಖ್ಯ ಅತಿಥಿ ಕೈಗಡಿಯಾರ ನೋಡಿಕೊಂಡರು. ಇನ್ನೊಂದು ಕಾರ್ಯಕ್ರಮವಿದೆ. ಅವರಿಗೆ ಕೊಡಬೇಕಾದ ಸ್ಮರಣಿಕೆ ಪೇಟೆಯಿಂದ ಇನ್ನೂ ಬಂದಿರಲಿಲ್ಲ. ಶ್ರೀಜಿತ್ ಆಚೀಚೆ ನೋಡಿದ. ಅವನ ಕಣ್ಣು ಹೂದಾನಿಯ ಮೇಲೆ ಬಿತ್ತು. ಮುಖ ಅರಳಿತು. ಮೈಕಿನಲ್ಲಿ, "ನಮ್ಮ ವಯನಾಡಿನ ಕರಕುಶಲದ ಒಂದು ಸಣ್ಣ ಕಾಣಿಕೆ" ಎಂದು ಘೋಷಿಸಿ ಹೂದಾನಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಅತಿಥಿಗಳು ಕೈ ಚಾಚಿ ಎದ್ದರು. ಫೋಟೋ ತೆಗೆಯುವವರು ಎದ್ದರು. ಚಪ್ಪರವೆಲ್ಲ ಎದ್ದಿತು.

ನಿಂಗಯ್ಯ ಜೀವಮಾನದಲ್ಲಿ ವೇದಿಕೆಯ ಕಡೆಗೆ ಒಂದು ಮಾತು ಆಡಿದವನಲ್ಲ. ಆದರೆ ಜನ ಒಟ್ಟಿಗೆ ಎದ್ದು ನಿಂತದ್ದನ್ನು ಕಂಡ ಕೂಡಲೇ ಅವನ ಗಂಟಲು ಅವನನ್ನು ಕೇಳದೆ ತನ್ನ ಕೆಲಸ ತಾನು ಮಾಡಿತು.

"ಕೂತ್ಕೊಳ್ರೋ ಎಲ್ಲಾ! ಯಾವನೂ ಅಲ್ಲಾಡಬ್ಯಾಡಿ! ಮೊಗುಚ್ತದೆ!"

ನಡುಹೊಳೆಯ ಕೂಗು. ಆ ಚಪ್ಪರದಲ್ಲಿ ಅದನ್ನು ಕೇಳದೆ ಬೆಳೆದವರು ಯಾರೂ ಇರಲಿಲ್ಲ. ಅಷ್ಟೂ ಜನ ದಡಕ್ಕನೆ ಕೂತರು. ಹತ್ತಾರು ಕೈಗಳು ಕುರ್ಚಿಯ ಅಂಚನ್ನು ದೋಣಿಯ ಅಂಚಿನಂತೆ ಬಿಗಿಯಾಗಿ ಹಿಡಿದವು. ಸ್ಕೂಲಿಗೆ ಅದೇ ದೋಣಿಯಲ್ಲಿ ಹೋಗಿಬಂದಿದ್ದ ಶ್ರೀಜಿತ್ ಹೂದಾನಿಯನ್ನು ಎದೆಗೆ ಅವಚಿಕೊಂಡು ವೇದಿಕೆಯ ಮೇಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅತಿಥಿಗಳೊಬ್ಬರೇ ಕೈ ಚಾಚಿ ನಿಂತಿದ್ದರು. ಎಲ್ಲರೂ ಕೂತದ್ದು ನೋಡಿ ಏನೋ ಸಂಪ್ರದಾಯವಿರಬೇಕೆಂದು ಅವರೂ ಕೂತರು.

ನಿಂಗಯ್ಯ ವೇದಿಕೆ ಹತ್ತಿದ. "ಕೊಡಪ್ಪ ಮಗಾ. ಇದು ಇವರ್ದಲ್ಲ," ಎಂದು ಮೆಲ್ಲಗೆ ಶ್ರೀಜಿತ್‌ನ ಬೆರಳು ಬಿಡಿಸಿದ. ಹೂದಾನಿಯನ್ನು ಬಕೆಟ್ಟಿಗಿಟ್ಟು, ಸಭೆಯ ನಡುವಿನಿಂದಲೇ ಅಡುಗೆಕೋಣೆಗೆ ನಡೆದ. ಒಂದು ಹನಿ ತುಳುಕಲಿಲ್ಲ.

ನಾಗರತ್ನಮ್ಮ ಸೋಸುವ ಜಾಲರಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಏನ್ ನಿಂಗಣ್ಣ, ನೆಲದ್ ಮ್ಯಾಲೂ ಬಯ್ಯಕ್ ಸುರುಮಾಡ್ದಾ?"

ನಿಂಗಯ್ಯ ಬಕೆಟ್ಟನ್ನು ಕೆಳಗಿಟ್ಟ. "ತಕವ್ವ," ಎಂದಷ್ಟೇ ಹೇಳಿ ಹೂದಾನಿಯನ್ನು ಚಾಚಿದ. "ಒಡೆಯಕಿಲ್ಲ. ಉರುಳಕಿಲ್ಲ. ಸೋರದೂ ಇಲ್ಲ... ಈಗ."

ನಾಗರತ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಭಾರಕ್ಕೆ ಒಂದು ಸಲ ಜೋಲಿ ಹೊಡೆದರು. ಹೂವಿಗೆ ಮೂಗಿಟ್ಟವರು ಹುಬ್ಬು ಏರಿಸಿದರು. "ಇದೇನ್ ಮೀನ್ ವಾಸ್ನೆ?"

"ಹೊರಗ್ ಮೀನು, ಒಳಗ್ ಜೇನು," ಎಂದ ಕರಿಯನ್ ಹಿಂದಿನಿಂದ. "ನಿಂಗಯ್ಯನ್ ಥರಾನೇ."

ನಾಗರತ್ನಮ್ಮ ನಗುತ್ತಾ ಅದರ ಹೊಟ್ಟೆ ಸವರಿದರು. ಸವರುತ್ತಾ ಸವರುತ್ತಾ ಕೈ ಆ ವಾಲಿದ ಅಂಚಿನ ಮೇಲೆ ನಿಂತಿತು. ಅಲ್ಲಿ, ಬಾಚಿ ಮುಟ್ಟದೆ ಬಿಟ್ಟ ಒಂದು ಕಡೆ, ಹಳೆಯ ದೋಣಿಯ ಮೈ ಹಾಗೇ ಉಳಿದಿತ್ತು. ಎಷ್ಟೋ ಅಂಗೈಗಳು ಹಿಡಿದು ಹಿಡಿದು ನುಣುಪಾದ ಜಾಗ.

"ಇದು ದೋಣಿ ಮೂತಿ ಅಲ್ವಾ?"

"ಹ್ಞೂ ಕನವ್ವ."

"ಮದ್ವೆ ಆಗಿ ಆ ದಡದಿಂದ ಬರೋವಾಗ ಹೊಳೆ ತುಂಬಿತ್ತು. ನಂಗೆ ಈಜ್ ಬರದು, ಗಂಡನ್ ಮುಖ ಸರ್ಯಾಗ್ ನೋಡಿಲ್ಲ. ನೀನು ಅಲ್ಲಾಡಬ್ಯಾಡಿ ಅಂತ ಕೂಗ್ತಿದ್ದೆ. ಇದ್ನೇ ತಬ್ಕಂಡ್ ಕೂತಿದ್ದೆ ಕನಪ್ಪ, ಈ ದಡ ಬರೋಗಂಟ."

ನಿಂಗಯ್ಯನಿಗೆ ಅದು ನೆನಪಿರಲಿಲ್ಲ. ಎಷ್ಟು ಮದುಮಕ್ಕಳನ್ನು ದಾಟಿಸಿದ್ದನೋ. ಅವನು ಕಣ್ಣಿಗೆ ಒಲೆಯ ಹೊಗೆ ಬಂದವನಂತೆ ಆಚೆ ತಿರುಗಿದ. ಗ್ಯಾಸಿನ ಒಲೆ ಅದು, ಹೊಗೆ ಇರಲಿಲ್ಲ. ವೀಣಾ ಅದನ್ನು ಹೇಳಲು ಬಾಯಿ ತೆರೆದವಳು, ಬಹಳ ವರ್ಷಗಳ ಮೇಲೆ ಮೊದಲ ಸಲ, ಏನೂ ಹೇಳದೆ ಮುಚ್ಚಿಕೊಂಡಳು. ನಾಗರತ್ನಮ್ಮನ ಸೆರಗಿನ ತುದಿ ಅವಳ ಕೈಯಲ್ಲಿತ್ತು.

ಮೊದಲು ಮಕ್ಕಳು ಬಂದರು, ಹೂ ಮುಟ್ಟಲು. ಅವರ ಹಿಂದೆ ತಾಯಂದಿರು, ತಾಯಂದಿರ ಹಿಂದೆ ಟೀಚರ್, ಒಂದು ಕುರ್ಚಿ ಎತ್ತಿಕೊಂಡು. ಸಭೆ ಎದ್ದು ಅಡುಗೆಕೋಣೆಯ ಬಾಗಿಲಿಗೇ ಬಂತು. ಹೊರಗೆ ಅತಿಥಿಗಳ ಕಾರು ಹೊರಟ ಸದ್ದು ಕೇಳಿಸಿತು, ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಶ್ರೀಜಿತ್ ಶಾಲು ಹಿಡಿದು ಬಂದ. ಕಿವಿ ಕೆಂಪಾಗಿತ್ತು.

"ಶಾಲು ಆಮೇಲೆ ಹೊದಿಸು ಮೋನೇ," ಎಂದು ನಾಗರತ್ನಮ್ಮ ಅವನ ಕೈಗೆ ಚಹಾದ ಜಾಲರಿ ಕೊಟ್ಟರು. "ಮೊದ್ಲು ಇದ ಸೋಸು. ನಾನ್ ಒಸಿ ಕೂತ್ಕತೀನಿ."

ಅವರು ಕೂತರು. ಅಧ್ಯಕ್ಷರು ಚಹಾ ಸೋಸಿದರು, ಅರ್ಧ ನೆಲಕ್ಕೆ.

ಎಲ್ಲ ಮುಗಿದು ಹೊರಡುವಾಗ ನಿಂಗಯ್ಯ ತನ್ನ ಬಕೆಟ್ಟಿಗೆ ಕೈ ಹಾಕಿದರೆ ಅದು ಭಾರವಾಗಿತ್ತು. ಒಳಗೆ ಪಾಯಸ, ಮೇಲೆ ಬಾಳೆಲೆ ಮುಚ್ಚಿದೆ. ತಲೆ ಎತ್ತಿ ನೋಡಿದ.

"ಬರೀ ಪಾತ್ರೆ ವಾಪಸ್ ಕೊಡ್ಬಾರ್ದು," ಎಂದರು ನಾಗರತ್ನಮ್ಮ, ಹೂದಾನಿಯನ್ನು ಮಡಿಲಲ್ಲಿ ನಿಲ್ಲಿಸಿಕೊಂಡು. "ಇದು ನಮ್ಮನೇಗೆ. ಇಲ್ಲಿ ಕಿಟಕಿಗೆ ಇನ್ನೊಂದ್ ಕೆತ್ತು. ದೋಣಿಗೆ ಹಿಂದ್ಲೂ ಒಂದ್ ಮೂತಿ ಅದೆಯಲ್ಲ."

"ಅದ್ಕೆ ಒಳಗಿಂದ ಮೆತ್ತಪ್ಪ," ಎಂದ ಕರಿಯನ್.